ಲೋಬಾನದ ಹೊಗೆಯೂ ಮನೆಯ ಗಾಳಿಯೂ

ಶುಕ್ರವಾರದ ಮುನ್ನಾ ಸಂಜೆ ಮಗ್ರಿಬ್ ನಮಾಝಿನ ಬಳಿಕ ಕೆಂಡದ ಮೇಲೆ ಚಿಟಿಕೆ ಲೋಬಾನ ಉದುರಿಸಿ ಕೋಣೆಕೋಣೆಗೆ ಹೊಗೆ ಹಿಡಿಯುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಮೌಲೂದ್ ಪಾರಾಯಣವಿರಲಿ, ಬಾಣಂತಿಯ ಕೋಣೆ ಇರಲಿ, ಹೊಸ ಮನೆಯ ಪ್ರವೇಶವಿರಲಿ, ಲೋಬಾನ ಇಲ್ಲದೆ ನಡೆಯುವುದಿಲ್ಲ. ಗಲ್ಫ್‌ನಿಂದ ಬರುವವರ ಪೆಟ್ಟಿಗೆಯಲ್ಲಿ ಖರ್ಜೂರದ ಜೊತೆ ಬುಖೂರ್ ಮತ್ತು ಊದ್ ಕೂಡಾ ಇರುತ್ತದೆ. ಈ ಹೊಗೆಯಿಂದ ಮನೆಯ ಗಾಳಿ ಶುದ್ಧವಾಗುತ್ತದೆ ಎಂದು ನಾವು ನಂಬಿದ್ದೇವೆ. ಕಿಟಕಿ ಮುಚ್ಚಿದರೆ ಪರಿಮಳ ಹೆಚ್ಚು ಹೊತ್ತು ನಿಲ್ಲುತ್ತದೆಂದು ಕಿಟಕಿಯನ್ನೂ ಮುಚ್ಚುತ್ತೇವೆ. ನಮ್ಮ ಹಿರಿಯರು, ಅಂದರೆ ಮದೀನಾ, ಬಗ್ದಾದ್, ಕೈರೋ, ಬಿಜಾಪುರಗಳ ಹಿರಿಯರು, ನಿಜವಾಗಿ ಹೀಗೆಯೇ ಮಾಡುತ್ತಿದ್ದರೇ? ಇತಿಹಾಸದ ಪುಟಗಳನ್ನು ಸ್ವಲ್ಪ ತೆರೆದು ನೋಡೋಣ.

ಮೊದಲು ಲೋಬಾನ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಅರಬಿಯ 'ಲುಬಾನ್' ಎಂದರೆ ಒಮಾನಿನ ಧೋಫಾರ್, ಯಮನಿನ ಹಳ್ರಮೌತ್ ಮತ್ತು ಸೋಮಾಲಿಯಾ ಪ್ರದೇಶಗಳ ಮರದಿಂದ ಒಸರುವ ಅಂಟು. ಯುನಾನಿ ಹಕೀಮರು ಇದನ್ನೇ ಕುಂದುರ್ ಎನ್ನುತ್ತಾರೆ. ಆದರೆ ನಾವು ಅಂಗಡಿಯಿಂದ ತರುವ ಲೋಬಾನ ಅಥವಾ ಸಾಂಬ್ರಾಣಿ ಸಾಮಾನ್ಯವಾಗಿ ಅದಲ್ಲ. ಅದು ಸುಮಾತ್ರಾ ಕಡೆಯ ಬೇರೊಂದು ಮರದ ಅಂಟು. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತ ಇದನ್ನು 'ಲುಬಾನ್ ಜಾವೀ', ಅಂದರೆ ಜಾವಾದ ಲುಬಾನ್ ಎಂದು ಕರೆದಿದ್ದಾರೆ. ಅಂದಿನ ಅರಬರು ಸುಮಾತ್ರಾವನ್ನೂ ಜಾವಾ ಎಂದೇ ಹೇಳುತ್ತಿದ್ದರು. ಯುರೋಪಿನ ವ್ಯಾಪಾರಿಗಳು ಈ ಹೆಸರನ್ನು ಕೇಳಿಸಿಕೊಂಡಾಗ ಮೊದಲ 'ಲು' ಅಕ್ಷರವನ್ನು ತಮ್ಮ ಭಾಷೆಯ ಉಪಪದವೆಂದು ತಿಳಿದು ಕೈಬಿಟ್ಟರು. ಉಳಿದದ್ದು 'ಬೆಂಜಾವಿ'. ಅದು ಸವೆದು ಸವೆದು 'ಬೆಂಝೋಯಿನ್' ಆಯಿತು. ಅದರಿಂದ ತೆಗೆದ ಆಮ್ಲಕ್ಕೆ ಬೆಂಝೋಯಿಕ್ ಆಮ್ಲ ಎಂಬ ಹೆಸರು ಬಂತು. 1833ರಲ್ಲಿ ಜರ್ಮನಿಯ ಮಿಟ್ಶರ್ಲಿಕ್ ಎಂಬ ವಿಜ್ಞಾನಿ ಆ ಆಮ್ಲವನ್ನು ಸುಣ್ಣದೊಂದಿಗೆ ಕಾಯಿಸಿ ಪಡೆದ ದ್ರವಕ್ಕೆ 'ಬೆನ್ಝಿನ್' ಎಂದು ಹೆಸರಿಟ್ಟರು. ಅದೇ ಇಂದಿನ ಬೆಂಝೀನ್. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವ ನಮ್ಮ ಮಕ್ಕಳು ಆರು ಮೂಲೆಯ ಆ ಉಂಗುರವನ್ನು ಬಿಡಿಸುವಾಗಲೆಲ್ಲ ಅಜ್ಜಿಯ ಲೋಬಾನದ ಹೆಸರನ್ನೇ ಬರೆಯುತ್ತಿದ್ದಾರೆ ಎಂದು ಅವರಿಗೆ ಯಾರೂ ಹೇಳಿಕೊಡುವುದಿಲ್ಲ. ಈ ಬೆಂಝೀನ್ ವಿಷಯಕ್ಕೆ ಮುಂದೆ ಮತ್ತೆ ಬರಲಿಕ್ಕಿದೆ.

ಈಗ ಮದೀನಾಕ್ಕೆ ಹೋಗೋಣ. ಮಸೀದಿಗಳನ್ನು ಸ್ವಚ್ಛವಾಗಿಡಬೇಕು ಮತ್ತು ಸುಗಂಧಗೊಳಿಸಬೇಕು ಎಂದು ಪ್ರವಾದಿ(ಸ)ರು ಆದೇಶಿಸಿದ್ದರೆಂದು ಹಝ್ರತ್ ಆಯಿಶಾ(ರ) ವರದಿ ಮಾಡಿರುವುದು ಅಬೂದಾವೂದ್ ಸಂಗ್ರಹದಲ್ಲಿದೆ. ಇಲ್ಲಿನ ಕ್ರಮವನ್ನು ಗಮನಿಸಿ. ಮೊದಲು ಸ್ವಚ್ಛತೆ, ಆಮೇಲೆ ಸುಗಂಧ. ಪ್ರವಾದಿ(ಸ)ರ ಮಸೀದಿಯನ್ನು ಗುಡಿಸುತ್ತಿದ್ದ ಒಬ್ಬ ಬಡ ಕಪ್ಪು ಮಹಿಳೆಯ ಕಥೆ ಬುಖಾರಿಯಲ್ಲಿ ಬಂದಿದೆ. ಆಕೆ ತೀರಿಕೊಂಡಾಗ ಸಹಾಬಿಗಳು ಅದನ್ನು ದೊಡ್ಡ ಸಂಗತಿಯೆಂದು ಭಾವಿಸದೆ ದಫನ ಮಾಡಿಬಿಟ್ಟರು. ವಿಷಯ ತಿಳಿದ ಪ್ರವಾದಿ(ಸ)ರು ತನಗೇಕೆ ಹೇಳಲಿಲ್ಲವೆಂದು ಕೇಳಿ ಆಕೆಯ ಕಬ್ರ್ ಬಳಿಗೆ ಹೋಗಿ ನಮಾಝ್ ಮಾಡಿದರು. ಕಸ ಗುಡಿಸುವ ಕೆಲಸಕ್ಕೆ ಇದಕ್ಕಿಂತ ದೊಡ್ಡ ಗೌರವ ಬೇರಾವ ಇತಿಹಾಸದಲ್ಲಿ ಸಿಕ್ಕಿದೆಯೋ ನನಗೆ ಗೊತ್ತಿಲ್ಲ. ಹಸಿ ನೀರುಳ್ಳಿ, ಬೆಳ್ಳುಳ್ಳಿ ತಿಂದವರು ಮಸೀದಿಗೆ ಬರಬಾರದೆಂಬ ಆದೇಶವೂ ಪ್ರಸಿದ್ಧವೇ. ದುರ್ವಾಸನೆಯ ಮೇಲೆ ಅತ್ತರು ಸುರಿದುಕೊಂಡು ಬನ್ನಿ ಎಂದು ಅಲ್ಲಿ ಹೇಳಿಲ್ಲ. ವಾಸನೆಯ ಮೂಲವನ್ನೇ ದೂರವಿಡಿ ಎಂದು ಹೇಳಲಾಗಿದೆ.

ಧೂಪದ ಪದ್ಧತಿಯೂ ಅಲ್ಲಿತ್ತು, ಇಲ್ಲವೆಂದಲ್ಲ. ಅಬೂಹುರೈರಾ(ರ)ರ ಶಿಷ್ಯರಾದ ನುಐಮ್ ಎಂಬ ತಾಬಿಈ ವಿದ್ವಾಂಸರಿಗೆ 'ಅಲ್ ಮುಜ್ಮಿರ್', ಅಂದರೆ ಧೂಪ ಹಾಕುವವರು ಎಂಬ ಹೆಸರೇ ಅಂಟಿಕೊಂಡಿತ್ತು. ಪ್ರವಾದಿ(ಸ)ರ ಮಸೀದಿಗೆ ಧೂಪ ಹಾಕುವ ಸೇವೆಯಿಂದ ಬಂದ ಹೆಸರದು. ಅಬ್ದುಲ್ಲಾ ಇಬ್ನ್ ಉಮರ್(ರ) ಊದ್‌ನ ಚಕ್ಕೆಯನ್ನು ಕೆಲವೊಮ್ಮೆ ಹಾಗೆಯೇ, ಕೆಲವೊಮ್ಮೆ ಕರ್ಪೂರದೊಂದಿಗೆ ಸುಡುತ್ತಿದ್ದರೆಂದು ಮುಸ್ಲಿಮ್ ಸಂಗ್ರಹದಲ್ಲಿದೆ. ಆದರೆ ಅಂದಿನ ಮಸೀದಿ ಎಂತಹದ್ದು? ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಕಾಂಡದ ಕಂಬ, ಗರಿಯ ಮಾಡು, ಉಳಿದದ್ದು ತೆರೆದ ಅಂಗಳ. ಹೊಗೆ ನಿಲ್ಲುವ ಜಾಗವೇ ಅಲ್ಲ ಅದು. ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ, ಅಲ್ಯೂಮಿನಿಯಂ ಕಿಟಕಿ ಎಳೆದು ಮುಚ್ಚಿ ಎಬ್ಬಿಸುವ ಹೊಗೆಯನ್ನು ಅದರೊಂದಿಗೆ ಹೋಲಿಸುವಂತಿಲ್ಲ. ರಾತ್ರಿ ಮಲಗುವಾಗ ಮನೆಯಲ್ಲಿ ಬೆಂಕಿಯನ್ನು ಉಳಿಸಬೇಡಿ ಎಂಬ ಪ್ರವಾದಿ(ಸ)ರ ಸೂಚನೆಯನ್ನೂ ಇಲ್ಲೇ ನೆನಪಿಸಬೇಕು. ಬೆಂಕಿ ಬಿದ್ದು ಮನೆ ಸುಡುತ್ತದೆಂಬುದು ಅದರ ಪ್ರತ್ಯಕ್ಷ ಕಾರಣ. ಮುಚ್ಚಿದ ಕೋಣೆಯ ಕೆಂಡದಿಂದ ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ಹೊರಟು ಮಲಗಿದವರನ್ನು ಮಲಗಿದಲ್ಲೇ ಕೊಲ್ಲುತ್ತದೆಂದು ಇಂದು ನಮಗೆ ತಿಳಿದಿದೆ. ಚಳಿಗಾಲದಲ್ಲಿ ಇಂತಹ ಸುದ್ದಿಗಳನ್ನು ನೀವೂ ಪತ್ರಿಕೆಯಲ್ಲಿ ಓದಿರುತ್ತೀರಿ.

ಬಗ್ದಾದಿನ ಕಾಲಕ್ಕೆ ಬಂದರೆ ಸುಗಂಧವು ಒಂದು ವಿಜ್ಞಾನವೇ ಆಗಿಬಿಡುತ್ತದೆ. 9ನೇ ಶತಮಾನದ ತತ್ವಜ್ಞಾನಿ ಅಲ್ ಕಿಂದಿಯ ಹೆಸರಿನಲ್ಲಿರುವ ಸುಗಂಧ ಮತ್ತು ಬಟ್ಟಿ ಇಳಿಸುವಿಕೆಯ ಗ್ರಂಥದಲ್ಲಿ ನೂರಕ್ಕೂ ಹೆಚ್ಚು ತಯಾರಿಕಾ ವಿಧಾನಗಳಿವೆ. ಅದೇ ಕಾಲದಲ್ಲಿ ವೈದ್ಯರು ಗಾಳಿಯನ್ನು ಬೇರೊಂದು ದೃಷ್ಟಿಯಿಂದ ನೋಡುತ್ತಿದ್ದರು. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ವಿವರಿಸುತ್ತಾರೆ. ಅವುಗಳಲ್ಲಿ ಮೊದಲನೆಯದೇ ಗಾಳಿ. ಅನ್ನ ನೀರು ಅದರ ನಂತರ. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಂತಹ ಕಡೆ ಇಂದಿಗೂ ವಿದ್ಯಾರ್ಥಿಗಳು ಕಲಿಯುವ ಪಾಠ ಇದು.

ಅಬೂಬಕರ್ ಅಲ್ ರಾಝಿಯ ಬಗ್ಗೆ ಒಂದು ಕಥೆಯನ್ನು ನಮ್ಮ ಭಾಷಣಕಾರರು ಆಗಾಗ ಹೇಳುತ್ತಾರೆ. ಬಗ್ದಾದಿನಲ್ಲಿ ಆಸ್ಪತ್ರೆಗೆ ಜಾಗ ಆರಿಸಲು ಅವರು ನಗರದ ಬೇರೆಬೇರೆ ಕಡೆ ಮಾಂಸದ ತುಂಡುಗಳನ್ನು ತೂಗುಹಾಕಿಸಿದರಂತೆ. ಎಲ್ಲಿ ಮಾಂಸ ತಡವಾಗಿ ಕೊಳೆಯಿತೋ ಅಲ್ಲಿನ ಗಾಳಿ ಉತ್ತಮವೆಂದು ಅಲ್ಲೇ ಆಸ್ಪತ್ರೆ ಕಟ್ಟಿಸಿದರಂತೆ. ಕಥೆ ಸೊಗಸಾಗಿದೆ. ಆದರೆ ಕಥೆಯಲ್ಲಿ ಬರುವ ಅಳುದೀ ಆಸ್ಪತ್ರೆ ಶುರುವಾದದ್ದು 10ನೇ ಶತಮಾನದ ಕೊನೆಯಲ್ಲಿ, ರಾಝಿ ತೀರಿಕೊಂಡು ಅರ್ಧ ಶತಮಾನ ಕಳೆದ ಮೇಲೆ. ಈ ಕಥೆಯನ್ನು ದಾಖಲಿಸಿದ 13ನೇ ಶತಮಾನದ ಇತಿಹಾಸಕಾರ ಇಬ್ನ್ ಅಬೀ ಉಸೈಬಿಅ ಅವರೇ ಕಾಲದ ಈ ತೊಡಕನ್ನು ಗುರುತಿಸಿದ್ದರು. ಹಾಗಾಗಿ ಕಥೆಯನ್ನು ಹೇಳುವವರು ಇದನ್ನೂ ಸೇರಿಸಿ ಹೇಳಿದರೆ ಒಳ್ಳೆಯದು. ಜಾಗದ ಗಾಳಿ ಹೇಗಿದೆಯೆಂದು ಪರೀಕ್ಷಿಸಿ ನೋಡಬೇಕೆಂಬ ವಿಚಾರ ಅಂದಿನವರ ತಲೆಯಲ್ಲಿತ್ತು ಎಂಬುದಕ್ಕೆ ಮಾತ್ರ ಕಥೆ ಸಾಕ್ಷಿ.

ನನ್ನ ಅಭಿಪ್ರಾಯದಲ್ಲಿ ಈ ವಿಷಯದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದವರು 11ನೇ ಶತಮಾನದ ಈಜಿಪ್ಟಿನ ವೈದ್ಯ ಅಲೀ ಇಬ್ನ್ ರಿಳ್ವಾನ್. ಬಡವನ ಮಗನಾಗಿ ಹುಟ್ಟಿ, ಸ್ವಂತ ಓದಿನಿಂದ ವೈದ್ಯರಾಗಿ, ಫಾತಿಮೀ ದೊರೆಗಳ ಕಾಲದಲ್ಲಿ ವೈದ್ಯರ ಮುಖ್ಯಸ್ಥರ ಸ್ಥಾನಕ್ಕೇರಿದವರು ಅವರು. ಈಜಿಪ್ಟಿನ ರೋಗಗಳನ್ನು ತಡೆಯುವುದು ಹೇಗೆಂಬ ಅವರ ಪುಸ್ತಕದಲ್ಲಿ ಫುಸ್ತಾತ್ ನಗರದ ಚಿತ್ರಣವಿದೆ. ಇಕ್ಕಟ್ಟಾದ ಬೀದಿಗಳು, ಎರಡೂ ಬದಿಗೆ ಎತ್ತರದ ಮನೆಗಳು, ಸತ್ತ ನಾಯಿ ಬೆಕ್ಕುಗಳನ್ನು ಬೀದಿಗೆ ಎಸೆಯುವ ಜನ, ನೈಲ್ ನದಿಗೆ ಸೇರುವ ಶೌಚದ ನೀರು, ಹಮ್ಮಾಮುಗಳ ಒಲೆಯಿಂದ ಏಳುವ ಹೊಗೆ. ಸಾವಿರ ವರ್ಷ ಹಿಂದಿನ ಮಾತಿದು ಎಂದರೆ ನೀವು ನಂಬಲಾರಿರಿ, ನಮ್ಮದೇ ಪೇಟೆಯ ಯಾವುದೋ ಗಲ್ಲಿಯ ವರದಿಯಂತಿದೆ. ಅವರು ಸೂಚಿಸುವ ಪರಿಹಾರದಲ್ಲಿ ಧೂಪವೂ ಇದೆ, ಹೂವೂ ಇದೆ. ಆದರೆ ಅದಕ್ಕಿಂತ ಮುಂಚೆ ಮನೆ ವಿಶಾಲವಾಗಿರಬೇಕು, ಗಾಳಿ ಒಳಬಂದು ಹೊರಹೋಗಬೇಕು, ಬಿಸಿಲು ಒಳಗೆ ಬೀಳಬೇಕು ಎಂದಿದೆ. ಮೂರು ಶತಮಾನಗಳ ನಂತರ ಇಬ್ನ್ ಖಲ್ದೂನ್ ಕೂಡಾ 'ಮುಖದ್ದಿಮ'ದಲ್ಲಿ ನಗರಗಳನ್ನು ಕಟ್ಟುವ ಬಗ್ಗೆ ಬರೆಯುವಾಗ ನಿಂತ ಗಾಳಿ ಕೆಡುತ್ತದೆ, ಚಲಿಸುವ ಗಾಳಿ ಕೆಡುವುದಿಲ್ಲ ಎಂಬ ವಿಚಾರವನ್ನೇ ಮುಂದಿಡುತ್ತಾರೆ.

ಹಾಗಾದರೆ ಸುಗಂಧದ ಹೊಗೆ ರೋಗವನ್ನು ತಡೆಯುತ್ತದೆಯೇ? ಇದಕ್ಕೆ ಇತಿಹಾಸವೇ ಒಂದು ಕ್ರೂರ ಪರೀಕ್ಷೆ ನಡೆಸಿತು. 1348ರಲ್ಲಿ ಮಹಾ ಪ್ಲೇಗ್ ಸಿರಿಯಾಕ್ಕೆ ಬಂತು. ಅಲೆಪ್ಪೋದ ಸಾಹಿತಿ ಇಬ್ನುಲ್ ವರ್ದಿ ಅದನ್ನು ಕಣ್ಣಾರೆ ಕಂಡು ಬರೆದಿದ್ದಾರೆ. ಊರಿನ ಗಣ್ಯರು ವೈದ್ಯಗ್ರಂಥಗಳನ್ನು ತಿರುವಿ ಹಾಕುತ್ತಿದ್ದರು. ಅಂಬರ್, ಕರ್ಪೂರ, ಜೇಕಿನ ಗಡ್ಡೆ, ಶ್ರೀಗಂಧಗಳಿಂದ ಮನೆಗಳನ್ನು ಸುವಾಸಿತಗೊಳಿಸುತ್ತಿದ್ದರು. ಬೆರಳಿಗೆ ಮಾಣಿಕ್ಯದ ಉಂಗುರ, ಊಟದಲ್ಲಿ ನೀರುಳ್ಳಿ ಮತ್ತು ಸಿರ್ಕಾ. ಯಾವುದೂ ಪ್ಲೇಗನ್ನು ತಡೆಯಲಿಲ್ಲ. 1349ರಲ್ಲಿ ಅದೇ ರೋಗ ಇಬ್ನುಲ್ ವರ್ದಿಯವರನ್ನೂ ಕೊಂಡೊಯ್ದಿತು. ಪ್ಲೇಗಿನ ರೋಗಾಣು ಪತ್ತೆಯಾದದ್ದು 1894ರಲ್ಲಿ, ಹಾಂಗ್‌ಕಾಂಗಿನಲ್ಲಿ. ಅದನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂದು ಫ್ರೆಂಚ್ ವೈದ್ಯ ಸಿಮೋಂ 1898ರಲ್ಲಿ ಕರಾಚಿಯಲ್ಲಿ ತೋರಿಸಿದರು.

ಅದೇ 1898ರಲ್ಲಿ ಪ್ಲೇಗ್ ನಮ್ಮ ಬೆಂಗಳೂರಿಗೂ ಬಂತೆಂಬುದು ನೆನಪಿರಲಿ. ಹಳೆಯ ಪೇಟೆಯ ಒತ್ತೊತ್ತು ಮನೆಗಳಲ್ಲಿ ಜನ ಸತ್ತರು. ಬಸವನಗುಡಿ ಮತ್ತು ಮಲ್ಲೇಶ್ವರಂ ಬಡಾವಣೆಗಳು ಎದ್ದುನಿಂತದ್ದು ಆ ಭಯದ ಹಿನ್ನೆಲೆಯಲ್ಲೇ. ಅಗಲ ರಸ್ತೆ, ಮನೆಯ ಸುತ್ತ ಜಾಗ, ಹಿಂಬದಿಯಲ್ಲಿ ಕನ್ಸರ್ವೆನ್ಸಿ ಗಲ್ಲಿ. ಕೆಟ್ಟ ಗಾಳಿಯೇ ರೋಗದ ಮೂಲವೆಂಬ ಹಳೆಯ ನಂಬಿಕೆ ಪ್ಲೇಗಿನ ಮಟ್ಟಿಗೆ ತಪ್ಪಾಗಿತ್ತು. ಆದರೆ ಆ ನಂಬಿಕೆಯಿಂದ ಕಟ್ಟಿದ ಮನೆಗಳಿಗೆ ಬೆಳಕೂ ಗಾಳಿಯೂ ಬಂತು, ಇಲಿಗೆ ಅಡಗುವ ಜಾಗ ಕಡಿಮೆಯಾಯಿತು. ಕ್ಷಯದಂತಹ ರೋಗ ಗಾಳಿಯಿಂದಲೇ ಹರಡುತ್ತದೆ ಎಂಬುದಂತೂ ಸತ್ಯ. ಅದಕ್ಕೆ ತೆರೆದ ಕಿಟಕಿ ಇಂದಿಗೂ ಒಂದು ತಡೆ. 2020ರ ಕೊರೋನಾ ನಂತರ ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ.

ಗಾಳಿಯನ್ನು ಮನೆಯೊಳಗೆ ಕರೆದು ತರುವ ಕಲೆಯಲ್ಲಿ ಮುಸ್ಲಿಮ್ ನಾಡುಗಳ ಕಟ್ಟಡಗಾರರು ಸಾಧಿಸಿದ್ದನ್ನು ನಾವು ಮರೆತೇಬಿಟ್ಟಿದ್ದೇವೆ. ಕೈರೋದ ಹಳೆಯ ಮನೆಗಳ ಮಾಳಿಗೆಯಲ್ಲಿ 'ಮಲ್ಖಫ್' ಎಂಬ ಗಾಳಿಗೂಡು ಇರುತ್ತಿತ್ತು. ಉತ್ತರದ ತಂಗಾಳಿಗೆ ಮುಖಮಾಡಿದ ಅದರ ಬಾಯಿ ಗಾಳಿಯನ್ನು ಹಿಡಿದು ಕೆಳಗಿನ ಪಡಸಾಲೆಗೆ ಇಳಿಸುತ್ತಿತ್ತು. ಇರಾನಿನ ಯಝ್ದ್ ನಗರದಲ್ಲಿ ಇದಕ್ಕೆ 'ಬಾದ್‌ಗೀರ್' ಎಂದು ಹೆಸರು. ಅಲ್ಲಿನ ದೌಲತಾಬಾದ್ ತೋಟದ ಬಾದ್‌ಗೀರ್ 33 ಮೀಟರ್‌ಗೂ ಹೆಚ್ಚು ಎತ್ತರವಿದೆ. ಕೈರೋದ ಮರದ ಜಾಲಿ ಕಿಟಕಿಗಳನ್ನು 'ಮಶ್ರಬಿಯ್ಯ' ಎನ್ನುತ್ತಾರೆ. ಕುಡಿಯುವುದು ಎಂಬ ಅರ್ಥದ ಅರಬಿ ಧಾತುವಿನಿಂದ ಬಂದ ಪದವದು. ಏಕೆಂದರೆ ಆ ಜಾಲಿಯಲ್ಲಿ ಕುಡಿಯುವ ನೀರಿನ ಮಣ್ಣಿನ ಹೂಜಿಗಳನ್ನು ಇಡುತ್ತಿದ್ದರು. ಹೂಜಿಯ ಮೈಯಿಂದ ಜಿನುಗಿದ ನೀರು ಆರುವಾಗ ಒಳಗಿನ ನೀರೂ ತಂಪು, ಅದನ್ನು ತಾಗಿ ಬರುವ ಗಾಳಿಯೂ ತಂಪು. ಒಂದು ಹೂಜಿಯಿಂದ ಎರಡು ಕೆಲಸ, ಕರೆಂಟ್ ಬಿಲ್ ಇಲ್ಲ!

ನಮ್ಮ ಕರ್ನಾಟಕದಲ್ಲೂ ಇದರ ಗುರುತುಗಳಿವೆ. ಬೀದರ್‌ಗೆ ಹೋದರೆ ಮಹಮೂದ್ ಗವಾನ್ ಮದ್ರಸವನ್ನು ನೋಡದೆ ಬರಬೇಡಿ. ಬಹಮನಿ ರಾಜ್ಯದ ಈ ವಝೀರರು 1472ರಲ್ಲಿ ಕಟ್ಟಿಸಿದ ಮೂರಂತಸ್ತಿನ ಕಟ್ಟಡವದು. ನಡುವೆ ತೆರೆದ ಅಂಗಳ, ಸುತ್ತ ಪಾಠದ ಹಜಾರಗಳು, ವಿದ್ಯಾರ್ಥಿಗಳ ಮತ್ತು ಉಸ್ತಾದರ ಕೋಣೆಗಳು, ಮಸೀದಿ, ಗ್ರಂಥಾಲಯ. ಕೋಣೆಗಳಿಗೆ ಬೆಳಕು ಮತ್ತು ಗಾಳಿ ಧಾರಾಳವಾಗಿ ಬರುವಂತೆ ಇಡೀ ಕಟ್ಟಡವನ್ನು ಯೋಜಿಸಲಾಗಿದೆ. ಗವಾನರನ್ನು 1481ರಲ್ಲಿ ಸುಳ್ಳು ಆಪಾದನೆಯ ಮೇಲೆ ಕೊಲ್ಲಿಸಲಾಯಿತು. 1696ರಲ್ಲಿ ಸಿಡಿಮದ್ದು ಸ್ಫೋಟಗೊಂಡು ಮದ್ರಸದ ಒಂದು ಪಾರ್ಶ್ವವೂ ಹಾರಿಹೋಯಿತು. ಉಳಿದ ಭಾಗದಲ್ಲಿ ನಿಂತರೆ ಬೇಸಗೆಯಲ್ಲೂ ಸೆಕೆ ಅಷ್ಟಾಗಿ ತಟ್ಟುವುದಿಲ್ಲ. ತಗಡಿನ ಮಾಡಿನ ಕೆಳಗೆ, ಒಂದೇ ಕಿಟಕಿಯ ಕೊಠಡಿಗಳಲ್ಲಿ ಅರುವತ್ತು ಮಕ್ಕಳನ್ನು ಕೂರಿಸುವ ಶಾಲೆಗಳನ್ನು ನಡೆಸುವ ನಾವು ಒಮ್ಮೆ ಅಲ್ಲಿ ನಿಂತು ನೋಡಬೇಕು.

ವಿಜಯಪುರದ ಬಳಿಯ ಕುಮಟಗಿಯಲ್ಲಿ ಆದಿಲ್‌ಶಾಹಿಗಳ ಬೇಸಗೆಯ ಮಂಟಪಗಳಿವೆ. ಕೆರೆಯ ನೀರನ್ನು ಎತ್ತರಕ್ಕೇರಿಸಿ ಕೊಳವೆಗಳ ಮೂಲಕ ಹರಿಸಿ, ಚಾವಣಿಯ ತೂತುಗಳಿಂದ ಮಳೆಯಂತೆ ಸುರಿಸುವ ವ್ಯವಸ್ಥೆ ಅಲ್ಲಿತ್ತು. ಎರಡನೇ ಇಬ್ರಾಹೀಮ್ ಆದಿಲ್ ಶಾಹನ ಕಾಲದಲ್ಲಿ ಬಿಜಾಪುರದಲ್ಲಿ 'ಇತ್ರ್‌-ಎ-ನೌರಸ್ ಶಾಹೀ' ಎಂಬ ಸುಗಂಧದ ಬಗೆಗಿನ ಪಾರ್ಸಿ ಗ್ರಂಥವೇ ರಚನೆಯಾಯಿತು. ಸಂಗೀತದಲ್ಲಿ ಮುಳುಗಿದ್ದ ಆ ಸುಲ್ತಾನನ ಹೆಸರು ಕೇಳಿದವರಲ್ಲಿ ಈ ಗ್ರಂಥದ ಹೆಸರು ಕೇಳಿದವರು ಕಡಿಮೆ. ನಮ್ಮ ಪಾರ್ಸಿ ಬಲ್ಲ ಯುವಕರು ಇಂತಹ ಕೃತಿಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡಬಾರದೇ?

ಶ್ರೀಗಂಧದ ಮಾತು ಬಂದರೆ ಟಿಪ್ಪು ಸುಲ್ತಾನರನ್ನು ಬಿಡುವಂತಿಲ್ಲ. 1792ರಲ್ಲಿ ಅವರು ಗಂಧದ ಮರವನ್ನು ರಾಜವೃಕ್ಷವೆಂದು ಘೋಷಿಸಿದರು. ಮುಂದೆ ಮೈಸೂರು ಅರಸರೂ ಸರಕಾರವೂ ಆ ಏಕಸ್ವಾಮ್ಯವನ್ನು ಮುಂದುವರಿಸಿದವು. ಮೊದಲ ಮಹಾಯುದ್ಧದಿಂದ ಯುರೋಪಿಗೆ ಗಂಧದ ಮರ ರಫ್ತಾಗುವುದು ನಿಂತಾಗ 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಸ್ವಂತ ಜಮೀನಿನ ಗಂಧದ ಮರ ರೈತನದೇ ಎಂದಾದದ್ದು 2001ರ ಕಾನೂನು ತಿದ್ದುಪಡಿಯಿಂದ. ಅಷ್ಟರಲ್ಲಿ ಕಾಡಿನ ಗಂಧ ಬಹುಪಾಲು ಬರಿದಾಗಿತ್ತು. ಇಂದು ಹತ್ತು ರೂಪಾಯಿಗೆ ಸಿಗುವ 'ಗಂಧದ' ಊದುಕಡ್ಡಿಯಲ್ಲಿ ಗಂಧ ಎಷ್ಟಿರಬಹುದೆಂದು ನೀವೇ ಲೆಕ್ಕ ಹಾಕಿ.

ಈಗ ಬೆಂಝೀನ್‌ಗೆ ಮರಳೋಣ. ಬೆಂಝೀನ್ ಕ್ಯಾನ್ಸರಿಗೆ ಕಾರಣವಾಗುವ ವಸ್ತುವೆಂದು ಇಂದು ಸಾಬೀತಾಗಿದೆ. ಊದುಕಡ್ಡಿ, ಧೂಪಗಳ ಹೊಗೆಯಲ್ಲಿ ಸೂಕ್ಷ್ಮ ಕಣಗಳ ಜೊತೆಗೆ ಬೆಂಝೀನ್ ಮತ್ತು ಫಾರ್ಮಾಲ್ಡಿಹೈಡ್‌ಗಳೂ ಇರುತ್ತವೆ. ಒಂದು ಗ್ರಾಂ ಧೂಪ ಸುಟ್ಟರೆ ಸರಾಸರಿ 45 ಮಿಲಿಗ್ರಾಂಗಿಂತ ಹೆಚ್ಚು ಕಣಗಳು ಹೊಮ್ಮುತ್ತವೆ, ಸಿಗರೇಟಿನಲ್ಲಿ ಅದು ಸುಮಾರು 10 ಮಿಲಿಗ್ರಾಂ ಎಂದು 2008ರ ಒಂದು ವೈದ್ಯಕೀಯ ಲೇಖನ ಲೆಕ್ಕ ಕೊಟ್ಟಿದೆ. ಹೊಗೆ ಗಾಳಿಯನ್ನು ತೊಳೆಯುವುದಿಲ್ಲ, ಗಾಳಿಗೆ ಸೇರುತ್ತದೆ. ಪರಿಮಳ ಬಂದ ಮಾತ್ರಕ್ಕೆ ಶುದ್ಧಿ ಬಂತೆಂದಲ್ಲ. ಹಸುಳೆಗೆ ಸ್ನಾನ ಮಾಡಿಸಿ ಲೋಬಾನದ ಹೊಗೆಯ ಮೇಲೆ ಹಿಡಿಯುವುದನ್ನು ದಯವಿಟ್ಟು ಬಿಟ್ಟುಬಿಡಿ. ಮನೆಯಲ್ಲಿ ಅಸ್ತಮಾ ಇರುವ ಮಗುವಿದ್ದರೆ, ವೃದ್ಧರಿದ್ದರೆ, ಹೊಗೆಯೇ ಬೇಡ. ರೂಢಿಯನ್ನು ಬಿಡಲು ಮನಸ್ಸೊಪ್ಪದವರು ಕಿಟಕಿ ಬಾಗಿಲು ತೆರೆದಿಟ್ಟು, ಚಿಟಿಕೆಯಷ್ಟು ಹಾಕಿ, ಕೆಂಡವನ್ನು ಹೊರಗಿಟ್ಟು ಆರಿಸಿಬಿಡಲಿ.

ಕುಂಡದ ಗಿಡಗಳಿಂದ ಗಾಳಿ ಶುದ್ಧವಾಗುತ್ತದೆಂಬ ಮಾತೂ ಈಗ ಮನೆಮಾತಾಗಿದೆ. ಅದರ ಮೂಲ 1989ರ ನಾಸಾ ಪ್ರಯೋಗ. ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ ನಡೆದ ಪ್ರಯೋಗವದು. 2019ರಲ್ಲಿ ಇಬ್ಬರು ಅಮೆರಿಕನ್ ಸಂಶೋಧಕರು ಇಂತಹ ಪ್ರಯೋಗಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದರು. ಸಾಮಾನ್ಯ ಕಟ್ಟಡದಲ್ಲಿ ಗಾಳಿಯ ಓಡಾಟ ತಾನಾಗಿ ಮಾಡುವಷ್ಟು ಕೆಲಸವನ್ನು ಗಿಡಗಳಿಂದ ಮಾಡಿಸಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕಂತೆ! ಗಿಡ ಬೆಳೆಸಿ, ಕಣ್ಣಿಗೆ ತಂಪು. ಗಾಳಿಗೆ ಮಾತ್ರ ಕಿಟಕಿಯನ್ನೇ ತೆರೆಯಿರಿ, ಸಾಧ್ಯವಾದರೆ ಎದುರುಬದುರಿನ ಎರಡನ್ನು.

ಹೊಗೆಯಿಲ್ಲದ ಪರಿಮಳ ಬೇಕೆನ್ನುವವರಿಗೆ ಮೊಗಲರ ಒಂದು ದಾರಿ ಇದೆ. ಅಕ್ಬರನ ಆಸ್ಥಾನದಲ್ಲಿ ಅಂಬರ್ ಮತ್ತು ಊದ್‌ಗಳ ಧೂಪವೂ ನಡೆಯುತ್ತಿತ್ತು. ಆದರೆ ಬೇಸಗೆಗೆ ಬೇರೆಯೇ ಏರ್ಪಾಡು. ಬಿದಿರಿನ ಚೌಕಟ್ಟಿಗೆ ಖಸ್ ಬೇರನ್ನು ಹೆಣೆದು ಅದರ ಮೇಲೆ ನೀರು ಚಿಮುಕಿಸುವ ಪದ್ಧತಿಯನ್ನು ಅಕ್ಬರ್ ರೂಢಿಗೆ ತಂದನೆಂದು ಅಬುಲ್ ಫಝಲ್ 'ಆಯಿನೆ ಅಕ್ಬರಿ'ಯಲ್ಲಿ ಬರೆದಿದ್ದಾರೆ. ಖಸ್ ಎಂದರೆ ನಮ್ಮ ಲಾವಂಚ. ಒಣಗಿದ ಬೇರು ಗ್ರಂದಿಗೆ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ತೊಳೆದು ಮಣ್ಣು ತೆಗೆದು, ಸಡಿಲವಾಗಿ ಚಾಪೆಯಂತೆ ಹೆಣೆದು, ಗಾಳಿ ಬರುವ ಕಿಟಕಿಗೆ ಕಟ್ಟಿ, ಮಧ್ಯಾಹ್ನ ಎರಡು ಮೂರು ಸಲ ನೀರು ಚಿಮುಕಿಸಿದರೆ ಸಾಕು. ಘಟ್ಟದ ಮೇಲಿನ ಒಣ ಸೆಕೆಗೆ ಇದು ಚೆನ್ನಾಗಿ ಒಗ್ಗುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವವಿರುವುದರಿಂದ ಅಲ್ಲಿ ತಂಪು ಕಡಿಮೆ, ಪರಿಮಳ ಮಾತ್ರ ಸಿಗುತ್ತದೆ. ರಾತ್ರಿ ಚಾಪೆಯನ್ನು ಬಿಚ್ಚಿ ಒಣಗಿಸಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಪರಿಮಳ ಪೂರ್ತಿ ಹೋದ ಬೇರನ್ನು ತೆಂಗಿನ ಬುಡಕ್ಕೆ ಹಾಕಿಬಿಡಿ.